ಲಂಡನ್ನಿನಲ್ಲಿ ಒಂಬತ್ತು ಅಂದರೆ ಮಂಗಳೂರಿನಲ್ಲಿ ಎಷ್ಟು?

ಮಂಗಳೂರಿನ ಒಂದು ಕ್ಲಿನಿಕ್ಕಿನ ವಿಡಿಯೋ ಬುಕಿಂಗ್ ವ್ಯವಸ್ಥೆಯನ್ನು ನಾನು ನೋಡಿಕೊಳ್ಳುತ್ತೇನೆ. ನಮ್ಮ ಊರಿನವರು ದುಬೈ, ಕುವೈತ್, ಮಸ್ಕತ್ ಅಂತ ಎಲ್ಲ ಕಡೆ ಇದ್ದಾರೆ, ಆದರೆ ಡಾಕ್ಟರು ಮಾತ್ರ ಊರಿನವರೇ ಬೇಕು. ಗಲ್ಫಿನ ಲೆಕ್ಕ ಸುಲಭ. ದುಬೈ ನಮಗಿಂತ ಒಂದೂವರೆ ಗಂಟೆ ಹಿಂದೆ, ಕುವೈತ್ ಎರಡೂವರೆ ಗಂಟೆ. ವರ್ಷವಿಡೀ ಅದೇ. ಹಾಗಾಗಿ ಮೊದಲಿದ್ದ ಸಾಫ್ಟ್‌ವೇರಿನಲ್ಲಿ ಊರಿಗೊಂದು ಅಂಕಿ ಬರೆದಿಟ್ಟು, ಕೂಡಿಸಿ ಕಳೆದು ಸಮಯ ತೆಗೆಯುತ್ತಿದ್ದರು.

ಲಂಡನ್ನಿನವರು ಸೇರಿದ ಮೇಲೆ ಅದು ನಡೆಯಲಿಲ್ಲ. ಅಲ್ಲಿ ಮಾರ್ಚ್ ಕೊನೆಯ ಭಾನುವಾರ ಗಡಿಯಾರ ಒಂದು ಗಂಟೆ ಮುಂದೆ ಹೋಗುತ್ತದೆ, ಅಕ್ಟೋಬರ್ ಕೊನೆಯ ಭಾನುವಾರ ಹಿಂದೆ ಬರುತ್ತದೆ. ಅಲ್ಲಿನ ಬೆಳಿಗ್ಗೆ 9 ಅಂದರೆ ಚಳಿಗಾಲದಲ್ಲಿ ನಮಗೆ ಮಧ್ಯಾಹ್ನ 2:30, ಬೇಸಿಗೆಯಲ್ಲಿ 1:30. ಏಪ್ರಿಲಿನಲ್ಲಿ ರಿಸೆಪ್ಶನ್ನಿನಿಂದ ಫೋನ್: "ಲಂಡನ್ನಿನವರು ಆಗಲೇ ಬಂದು ಕಾಯ್ತಾ ಇದ್ದಾರೆ ಮಾರಾಯ್ರೆ, ನಮ್ಮ ಲಿಸ್ಟಿನಲ್ಲಿ ಇನ್ನೂ ಒಂದು ಗಂಟೆ ಉಂಟು. ಎಂತ ಮಾಡುವುದು?"

ನಾನು ಅಂಕಿಗಳನ್ನೆಲ್ಲ ತೆಗೆದುಹಾಕಿ ಸಮಯ ವಲಯದ (ಟೈಮ್ ಝೋನ್) ಹೆಸರು ಹಾಕಿದೆ: 'ಯುರೋಪ್/ಲಂಡನ್', 'ಏಷ್ಯಾ/ದುಬೈ', 'ಏಷ್ಯಾ/ಕೋಲ್ಕತಾ' (ಇಡೀ ಭಾರತಕ್ಕೆ ಇದೇ). ಯಾವ ವರ್ಷ ಯಾವ ದಿನ ಗಡಿಯಾರ ಬದಲಾಗುತ್ತದೆ ಅನ್ನುವುದು ಆ ಹೆಸರಿನ ಜೊತೆಗೇ ಬರುತ್ತದೆ. ನಮ್ಮ ಡೇಟಾಬೇಸ್ ಪೋಸ್ಟ್‌ಗ್ರೆಸ್. ಅದರಲ್ಲಿ 9.4ನೇ ಆವೃತ್ತಿಯಿಂದ 'ಮೇಕ್ ಟೈಮ್‌ಸ್ಟ್ಯಾಂಪ್‌ಟಿಝಡ್' ಎಂಬ ಫಂಕ್ಷನ್ ಇದೆ. ವರ್ಷ, ತಿಂಗಳು, ದಿನ, ಗಂಟೆ, ನಿಮಿಷ, ಸೆಕೆಂಡು, ಕೊನೆಗೆ ವಲಯದ ಹೆಸರು ಕೊಟ್ಟರೆ ಸರಿಯಾದ ಕ್ಷಣ ಸಿಗುತ್ತದೆ. ನಮ್ಮ ಟೇಬಲ್ಲಿನಲ್ಲಿ ಇವೆಲ್ಲ ಬೇರೆ ಬೇರೆ ಕಾಲಮ್ಮಿನಲ್ಲೇ ಇದ್ದವು, ಹಾಗಾಗಿ ಇದು ಹೇಳಿ ಮಾಡಿಸಿದ ಹಾಗಿತ್ತು. ಅಕ್ಷರಗಳನ್ನು ಅಂಟಿಸಿ ದಿನಾಂಕ ಕಟ್ಟುವುದಕ್ಕಿಂತ ಇದು ಎಷ್ಟೋ ವಾಸಿ. 03/04 ಅಂದರೆ ಮಾರ್ಚೋ ಏಪ್ರಿಲೋ ಎಂಬ ಗೊಂದಲ ಇಲ್ಲ. ಫೆಬ್ರವರಿ 30 ಕೊಟ್ಟರೆ ಕ್ವೆರಿ (ಡೇಟಾಬೇಸಿಗೆ ಕೊಡುವ ಆದೇಶ) ಅಲ್ಲೇ ನಿಲ್ಲುತ್ತದೆ.

ಒಂದು ವಿಷಯ ತುಂಬಾ ಜನರಿಗೆ ಗೊತ್ತಿರುವುದಿಲ್ಲ. ಹೀಗೆ ಕಟ್ಟಿದ ಮೌಲ್ಯದೊಳಗೆ ವಲಯ ಉಳಿಯುವುದಿಲ್ಲ. ಯುಟಿಸಿ (ಜಗತ್ತಿಗೆಲ್ಲ ಆಧಾರವಾದ ಸಮಯ) ಲೆಕ್ಕದ ಕ್ಷಣ ಮಾತ್ರ ಉಳಿಯುತ್ತದೆ, ತೋರಿಸುವಾಗ ಸೆಷನ್ನಿನ (ಡೇಟಾಬೇಸಿನ ಜೊತೆ ಆಗ ಇರುವ ಸಂಪರ್ಕದ) ವಲಯಕ್ಕೆ ಬದಲಾಗುತ್ತದೆ. ಆದ್ದರಿಂದ ರೋಗಿ ಹೇಳಿದ ಸಮಯ ಮತ್ತು ವಲಯದ ಹೆಸರಿನ ಕಾಲಮ್ಮುಗಳನ್ನು ನಾನು ಹಾಗೇ ಇಟ್ಟುಕೊಂಡಿದ್ದೇನೆ. ನಾಳೆ ಯಾವುದಾದರೂ ಸರ್ಕಾರ ನಿಯಮ ಬದಲಿಸಿದರೆ ಮತ್ತೆ ಕಟ್ಟಬಹುದು, ಅಲ್ವಾ?

ಭಾರತದ ಸಮಯಕ್ಕೆ ಸುಮ್ನೆ 'ಐಎಸ್‌ಟಿ' ಅಂತ ಬರೆಯಲೇಬೇಡಿ. ಸೆಷನ್ ಯುಟಿಸಿಯಲ್ಲಿದ್ದು ಬೇರೇನೂ ಸೆಟ್ ಮಾಡದಿದ್ದರೆ, ಪೋಸ್ಟ್‌ಗ್ರೆಸ್ ಅದನ್ನು ಇಸ್ರೇಲಿನ ಸಮಯ ಅಂತ ಓದುತ್ತದೆ. ಮೂರೂವರೆ ಗಂಟೆ ವ್ಯತ್ಯಾಸ! ಸಮಯವನ್ನು ಒಂದು ವಲಯಕ್ಕೆ ತಿರುಗಿಸುವ 'ಅಟ್ ಟೈಮ್ ಝೋನ್' ಮುಂದೆ '+05:30' ಅನ್ನುವ ಅಕ್ಷರಗಳನ್ನು ಹಾಕುವುದೂ ಅಪಾಯ. ಅಲ್ಲಿ ಪ್ಲಸ್ ಅಂದರೆ ಗ್ರೀನ್‌ವಿಚ್‌ನ ಪಶ್ಚಿಮಕ್ಕೆ ಎಂದು ಲೆಕ್ಕ, ನಾವಿರುವುದು ಪೂರ್ವಕ್ಕೆ.

ದಿನದ ವರದಿಗೂ ಇದೇ ದಾರಿ. ಸರ್ವರ್ ಯುಟಿಸಿಯಲ್ಲಿದೆ. ನಮ್ಮ ಬೆಳಗಿನ 5:30ಕ್ಕೆ ಮೊದಲು ಬಂದ ಬುಕಿಂಗ್ ಅದರ ಲೆಕ್ಕದಲ್ಲಿ ಹಿಂದಿನ ದಿನದ್ದು. ಅದಕ್ಕೆ ಕೋಲ್ಕತಾ ವಲಯದಲ್ಲಿ ಇವತ್ತಿನ 0 ಗಂಟೆ, ನಾಳೆಯ 0 ಗಂಟೆ ಎರಡನ್ನೂ ಕಟ್ಟಿ, ಮೊದಲನೆಯದನ್ನು ಸೇರಿಸಿ, ಎರಡನೆಯದನ್ನು ಬಿಟ್ಟು ಹುಡುಕುತ್ತೇನೆ. ಕಾಲಮ್ಮನ್ನು ಮುಟ್ಟುವುದಿಲ್ಲ, ಗಡಿಗಳನ್ನು ಮಾತ್ರ ಕಟ್ಟುತ್ತೇನೆ. ಕಾಲಮ್ಮಿಗೇ ಫಂಕ್ಷನ್ ಹಚ್ಚಿದರೆ ಅದರ ಮೇಲಿನ ಸಾಮಾನ್ಯ ಇಂಡೆಕ್ಸ್ (ಬೇಗ ಹುಡುಕಲು ಇರುವ ಸೂಚಿ) ಉಪಯೋಗಕ್ಕೆ ಬರುವುದಿಲ್ಲ. ನಾಳೆಯನ್ನು 24 ಗಂಟೆ ಕೂಡಿಸಿಯೂ ಪಡೆಯುವುದಿಲ್ಲ, ದಿನಾಂಕಕ್ಕೆ ಒಂದು ದಿನ ಸೇರಿಸಿ ಹೊಸದಾಗಿ ಕಟ್ಟುತ್ತೇನೆ. ನಮಗೆ ಎರಡೂ ಒಂದೇ, ಆದರೆ ಲಂಡನ್ನಿನಲ್ಲಿ 23 ಗಂಟೆಯ ದಿನವೂ ಇದೆ, 25 ಗಂಟೆಯ ದಿನವೂ ಇದೆ.

2025ರ ಮಾರ್ಚ್ 30ರಂದು ಲಂಡನ್ನಿನಲ್ಲಿ ರಾತ್ರಿ 1:30 ಅನ್ನುವ ಸಮಯವೇ ಇರಲಿಲ್ಲ. ಅದನ್ನು ಕಟ್ಟಲು ಹೇಳಿದರೆ ಪೋಸ್ಟ್‌ಗ್ರೆಸ್ ತಕರಾರು ಮಾಡದೆ 2:30 ಕೊಡುತ್ತದೆ. ಆ ಗಂಟೆಗೆ ನಮ್ಮಲ್ಲಿ ಬುಕಿಂಗ್ ಇರುವುದಿಲ್ಲ. ಆದರೂ ಕಟ್ಟಿದ ಕ್ಷಣವನ್ನು ಮತ್ತೆ ಅದೇ ವಲಯಕ್ಕೆ ತಿರುಗಿಸಿ, ರೋಗಿ ಕೊಟ್ಟ ಸಮಯವೇ ಬಂತಾ ಎಂದು ನೋಡುವ ಒಂದು ಸಾಲನ್ನು ಕ್ವೆರಿಯಲ್ಲಿ ಇಟ್ಟಿದ್ದೇನೆ. ತಾಳೆಯಾಗದಿದ್ದರೆ ರಿಸೆಪ್ಶನ್ನಿನವರು ಫೋನ್ ಮಾಡಿ ಬೇರೆ ಸಮಯ ಕೇಳುತ್ತಾರೆ.