ನೂರರ ಪಂದ್ಯಕ್ಕೆ ಬ್ರೇಕ್ ಹೊಂದಿಸಿಕೊಳ್ಳುವ ಬಗೆ: ನನ್ನ ಅನುಭವ

ಮೊದಲು ನೂರು ರ್ಯಾಕ್, ಅಂದರೆ ನೂರು ಸುತ್ತು, ಗೆದ್ದವರಿಗೆ ಪಂದ್ಯ. ನೈನ್ ಬಾಲ್ ಎಂದರೆ 1ರಿಂದ 9ರವರೆಗಿನ ಚೆಂಡುಗಳಲ್ಲಿ ಅತಿ ಕಡಿಮೆ ಸಂಖ್ಯೆಯದನ್ನೇ ಮೊದಲು ತಾಗಿಸುತ್ತ, 9ನ್ನು ಪಾಕೆಟ್‌ಗೆ ಹಾಕಿದವರು ಸುತ್ತು ಗೆಲ್ಲುವ ಪೂಲ್ ಆಟ. ಇಂಥ ಉದ್ದದ ನೈನ್ ಬಾಲ್ ಆಟದಲ್ಲಿ ಇಬ್ಬರೂ ಮೇಲ್ಮಟ್ಟದವರಾಗಿದ್ದರೆ ಯಾರು ಚೆನ್ನಾಗಿ ಪಾಟ್ ಮಾಡುತ್ತಾರೆ (ಚೆಂಡನ್ನು ಪಾಕೆಟ್‌ಗೆ ಹಾಕುತ್ತಾರೆ) ಎಂಬ ಪ್ರಶ್ನೆಯಿಂದ ಏನೂ ಇತ್ಯರ್ಥವಾಗುವುದಿಲ್ಲ. ಎದುರಿಗೆ ಚೆಂಡು ಕಂಡರೆ ಇಬ್ಬರೂ ಹಾಕುತ್ತಾರೆ. ತಕ್ಕಡಿ ವಾಲುವುದು ಬ್ರೇಕ್‌ನಿಂದ, ಅಂದರೆ ಜೋಡಿಸಿಟ್ಟ ಚೆಂಡುಗಳನ್ನು ಚದುರಿಸುವ ಮೊದಲ ಹೊಡೆತದಿಂದ. ಮೂರು ದಿನ ಆಡುವಾಗ ಟೇಬಲ್ ಗಂಟೆಗಂಟೆಗೂ ಬದಲಾಗುತ್ತದೆ. ಅದರ ಜೊತೆಗೆ ಯಾರ ಬ್ರೇಕ್ ಬದಲಾಗುತ್ತದೋ ಅವರು ಮುಂದೆ ಹೋಗುತ್ತಾರೆ. ಮೊದಲ ದಿನದ ಬ್ರೇಕನ್ನೇ ಮೂರನೇ ದಿನವೂ ಹೊಡೆಯುವವರು ಏಕೆ ಸೋಲುತ್ತಿದ್ದೇವೆಂದು ತಿಳಿಯದೆಯೇ ಸೋಲುತ್ತಾರೆ.

ಮೊದಲು ಲೆಕ್ಕ. ಒಂದೊಂದು ರ್ಯಾಕ್ ಗೆಲ್ಲುವ ಸಾಧ್ಯತೆ ಒಬ್ಬರಿಗೆ 52%, ಇನ್ನೊಬ್ಬರಿಗೆ 48% ಎಂದಿಟ್ಟುಕೊಳ್ಳಿ. 9ಕ್ಕೆ ಮುಗಿಯುವ ಪಂದ್ಯದಲ್ಲಿ ಮೊದಲಿನವರು ಗೆಲ್ಲುವ ಸಾಧ್ಯತೆ ಸುಮಾರು 57% ಮಾತ್ರ, ಹೆಚ್ಚುಕಡಿಮೆ ನಾಣ್ಯ ಚಿಮ್ಮಿದ ಹಾಗೆ. ಅದೇ 100ಕ್ಕೆ ಮುಗಿಯುವ ಪಂದ್ಯವಾದರೆ ಅದು 71%ರ ಆಸುಪಾಸಿಗೆ ಏರುತ್ತದೆ. 55% ಇದ್ದವರಿಗೆ 9ರ ಪಂದ್ಯದಲ್ಲಿ 66%, ನೂರರ ಪಂದ್ಯದಲ್ಲಿ 92%. ಅಂದರೆ ನೂರು ರ್ಯಾಕ್‌ಗೆ ಎರಡು ಮೂರು ರ್ಯಾಕ್ ಹೆಚ್ಚು ತಂದುಕೊಡುವ ಯಾವ ಸಣ್ಣ ಸಂಗತಿಯೂ ಇಲ್ಲಿ ಸಣ್ಣದಲ್ಲ. 1996ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಫಿಲಿಪ್ಪೀನ್ಸ್‌ನ ಎಫ್ರೆನ್ ರೆಯೆಸ್ ಮತ್ತು ಅಮೆರಿಕದ ಅರ್ಲ್ ಸ್ಟ್ರಿಕ್‌ಲ್ಯಾಂಡ್ 120ರ ಪಂದ್ಯ ಆಡಿದರು. ರೆಯೆಸ್ ಗೆದ್ದದ್ದು 120-117ರಿಂದ. 237 ರ್ಯಾಕ್ ಆಡಿಯೂ ಅಂತರ ಮೂರೇ ಮೂರು. ಗೆದ್ದವರೇ ಮತ್ತೆ ಬ್ರೇಕ್ ಮಾಡುವ ಪದ್ಧತಿಯಲ್ಲಂತೂ ಬ್ರೇಕ್ ಕೂಡಿಬಂದವರು ಒಂದೇ ಸಮನೆ ಐದಾರು ರ್ಯಾಕ್ ಗೆದ್ದುಬಿಡುತ್ತಾರೆ, ಎದುರಾಳಿ ಕುರ್ಚಿಯಿಂದ ಏಳುವುದೇ ಇಲ್ಲ. ಸರದಿಯ ಪ್ರಕಾರ ಬ್ರೇಕ್ ಮಾಡುವ ಪದ್ಧತಿಯಲ್ಲಿ ಈ ಏರಿಳಿತ ಕಡಿಮೆ.

ಒಂದು ಬ್ರೇಕ್ ಚೆನ್ನಾಗಿ ಬಿತ್ತು ಎನ್ನಲು ನಾನು ಮೂರು ಸಂಗತಿ ನೋಡುತ್ತೇನೆ: ಕನಿಷ್ಠ ಒಂದು ಚೆಂಡು ಪಾಕೆಟ್‌ಗೆ ಬೀಳಬೇಕು, ಕ್ಯೂ ಕೋಲಿನಿಂದ ಹೊಡೆಯುವ ಬಿಳಿ ಚೆಂಡು ಟೇಬಲ್ ನಡುವೆ ನಿಲ್ಲಬೇಕು, ಮೇಜಿನ ಮೇಲಿರುವ ಅತಿ ಕಡಿಮೆ ಸಂಖ್ಯೆಯ ಚೆಂಡು ನೇರವಾಗಿ ಕಾಣಬೇಕು. ಮೂರೂ ಸೇರಿದರೆ ಮಾತ್ರ ಅದು ಬ್ರೇಕ್. ನಾಲ್ಕು ಚೆಂಡು ಬಿದ್ದು ಬಿಳಿಯೂ ಪಾಕೆಟ್ ಸೇರಿದರೆ ರ್ಯಾಕನ್ನು ಕೈಯಾರೆ ಎದುರಾಳಿಗೆ ಒಪ್ಪಿಸಿದಂತೆ.

ಇದನ್ನು ಬರೆದಿಡಬೇಕು, ನೆನಪನ್ನು ನಂಬಬಾರದು. ಪಂದ್ಯಕ್ಕೆ ಮುಂಚೆ ಅದೇ ಟೇಬಲ್ ಮೇಲೆ ಮೂವತ್ತು ಬ್ರೇಕ್ ಹೊಡೆಯುತ್ತೇನೆ: ಬ್ರೇಕ್ ಜಾಗದ ಎಡದಿಂದ ಹತ್ತು, ನಡುವಿನಿಂದ ಹತ್ತು, ಬಲದಿಂದ ಹತ್ತು. ಪ್ರತಿಯೊಂದಕ್ಕೂ ಚೀಟಿಯಲ್ಲಿ ನಾಲ್ಕು ಗುರುತು: ಬಿಳಿಯನ್ನು ಎಲ್ಲಿಟ್ಟೆ, ಯಾವ ಚೆಂಡು ಬಿತ್ತು, ಬಿಳಿ ಎಲ್ಲಿ ನಿಂತಿತು, 1ನೇ ಚೆಂಡು ಎಲ್ಲಿ ಹೋಯಿತು. ನಾಲ್ಕನೆಯದನ್ನು ಬಹಳ ಮಂದಿ ಬಿಡುತ್ತಾರೆ. ನನಗೆ ಅತಿ ಹೆಚ್ಚು ಹೇಳುವುದು ಅದೇ.

9ನೇ ಚೆಂಡನ್ನು ಟೇಬಲ್‌ನ ಚುಕ್ಕೆಯ ಮೇಲಿಟ್ಟು ರ್ಯಾಕ್ ಕಟ್ಟಿದಾಗ, ಅಂದರೆ 1 ಮುಂತುದಿಗೆ ಬರುವಂತೆ ಒಂಬತ್ತೂ ಚೆಂಡುಗಳನ್ನು ಬಿಗಿಯಾಗಿ ಜೋಡಿಸಿದಾಗ, ಅಂಚಿನ ಚೆಂಡು ಮೂಲೆ ಪಾಕೆಟ್‌ಗೆ ಸುಲಭವಾಗಿ ಬೀಳುವುದಿಲ್ಲ. ಆಗ 1ನೇ ಚೆಂಡನ್ನು ನಡು ಪಾಕೆಟ್‌ಗೆ ಬೀಳಿಸುವುದೇ ದಾರಿ. ಅದು ಪಾಕೆಟ್ ತಪ್ಪಿದಾಗ ಕುಶನ್‌ಗೆ (ಟೇಬಲ್ ಅಂಚಿನ ರಬ್ಬರ್ ಪಟ್ಟಿಗೆ) ಎಲ್ಲಿ ಬಡಿಯಿತು ನೋಡಿ. ಪ್ರತಿ ಸಲ ಪಾಕೆಟ್‌ನ ಒಂದೇ ಬದಿಗೆ ಬಡಿಯುತ್ತಿದ್ದರೆ ನಿಮ್ಮ ಹೊಡೆತ ಸರಿಯಿದೆ, ಬಿಳಿ ಚೆಂಡನ್ನು ಇಟ್ಟ ಜಾಗ ಸರಿಯಿಲ್ಲ. ಅರ್ಧ ಚೆಂಡಿನಷ್ಟು, ಅಂದರೆ ಮೂರು ಸೆಂಟಿಮೀಟರಿಗಿಂತ ತುಸು ಕಡಿಮೆ, ಸರಿಸಿ ಮೂರು ಸಲ ಹೊಡೆಯಿರಿ. ಒಮ್ಮೆ ಈ ಬದಿ, ಒಮ್ಮೆ ಆ ಬದಿ ಬಡಿಯುತ್ತಿದ್ದರೆ ಜಾಗ ಬದಲಿಸಿ ಏನೂ ಪ್ರಯೋಜನವಿಲ್ಲ. ಆಗ ರ್ಯಾಕ್ ಬಿಗಿಯಾಗಿಲ್ಲ, ಇಲ್ಲವೇ ಕೈ ಒಂದೇ ಸಮನೆ ಹೋಗುತ್ತಿಲ್ಲ. ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಜಾಗ, ವೇಗ, ಎತ್ತರ ಮೂರನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಹೋಯಿತೆಂದು ಕೊನೆಗೂ ಗೊತ್ತಾಗುವುದಿಲ್ಲ.

ರ್ಯಾಕ್ ಬಿಗಿಯನ್ನು ಮೇಲಿಂದ ನೋಡಿ ಹೇಳಲಾಗದು. ಕಣ್ಣನ್ನು ಚೆಂಡಿನ ಮಟ್ಟಕ್ಕೆ ಇಳಿಸಿ, 1ನೇ ಚೆಂಡು ಮತ್ತು ಅದರ ಹಿಂದಿನ ಎರಡು ಚೆಂಡುಗಳ ನಡುವೆ ಬೆಳಕಿನ ಗೆರೆ ಕಾಣುತ್ತದೆಯೇ ನೋಡಬೇಕು. ಕೂದಲೆಳೆಯಷ್ಟು ಸಂದು ಇದ್ದರೂ ಬಲ ಹಿಂದಕ್ಕೆ ಸರಿಯಾಗಿ ದಾಟದು, ಚೆಂಡುಗಳು ಒಂದೆಡೆ ಗುಂಪಾಗಿ ಉಳಿಯುತ್ತವೆ. ಹಾಳೆಯಂಥ ಟೆಂಪ್ಲೇಟ್ ಇಟ್ಟು ಕಟ್ಟಿದರೂ ಇದನ್ನು ನೋಡಲೇಬೇಕು. ಎರಡನೇ ದಿನಕ್ಕೆ ರ್ಯಾಕ್ ಕಟ್ಟುವ ಜಾಗದ ಬಟ್ಟೆಯಲ್ಲಿ ಸಣ್ಣ ಸಣ್ಣ ತಗ್ಗುಗಳಾಗಿ, ಚೆಂಡುಗಳು ತಮಗೆ ಬೇಕಾದ ಕಡೆ ಜಾರಿ ಕೂರುತ್ತವೆ.

ಬಿಳಿ ಚೆಂಡು ತಪ್ಪಿದರೆ ಅದು ಹೋದ ದಾರಿಯೇ ಕಾರಣ ಹೇಳುತ್ತದೆ. ಅಡ್ಡಕ್ಕೆ ಸಿಡಿದು ನಡು ಪಾಕೆಟ್ ಕಡೆ ಹೋದರೆ 1ನೇ ಚೆಂಡಿಗೆ ಪೂರ್ತಿ ಮುಖ ತಾಗಿಲ್ಲ. ನಿಮ್ಮ ಕಡೆಗೇ ವಾಪಸ್ ಉರುಳಿ ಬಂದರೆ ಟಿಪ್ (ಕ್ಯೂವಿನ ತುದಿ) ಬಿಳಿಯ ಕೆಳಭಾಗಕ್ಕೆ ತಾಗಿದೆ. ಟೇಬಲ್‌ನಿಂದ ಎಗರಿದರೆ ಕ್ಯೂವಿನ ಹಿಂಭಾಗ ಬೇಕಾದ್ದಕ್ಕಿಂತ ಮೇಲೆದ್ದಿದೆ. ಮೂರಕ್ಕೂ ಮೊದಲ ಮದ್ದು ಒಂದೇ, ವೇಗ ಇಳಿಸುವುದು. ಗಂಟೆಗೆ 30 ಕಿ.ಮೀ. ದಾಟಿಸುವ ತೋಳು ಇದ್ದರೂ, ಪೂರ್ತಿ ಮುಖಕ್ಕೆ ತಾಗಿಸುವ ನಿಖರತೆ ಉಳಿಯುವಷ್ಟೇ ವೇಗ ಸಾಕು. ತೊಂಬತ್ತನೇ ರ್ಯಾಕ್‌ನಲ್ಲಿ ತೋಳು ಸೋತಾಗ ಪೂರ್ತಿ ಬಲದ ಬ್ರೇಕ್ ಎಲ್ಲಕ್ಕಿಂತ ಮೊದಲು ಕೆಡುತ್ತದೆ. ನೂರರಲ್ಲಿ ಎಂಬತ್ತು ಪಾಲು ಬಲದ ಬ್ರೇಕ್ ಉಳಿದುಕೊಳ್ಳುತ್ತದೆ.

ಟೇಬಲ್ ಬದಲಾಗುವುದು ಹೀಗೆ. ಹೊಸ ಬಟ್ಟೆಯ ಮೇಲೆ ಚೆಂಡು ಜಾರುತ್ತದೆ, ಕುಶನ್‌ಗೆ ಬಡಿದಾಗ ಲೆಕ್ಕಕ್ಕಿಂತ ಉದ್ದಕ್ಕೆ ಹೋಗುತ್ತದೆ. ಆಡುತ್ತ ಆಡುತ್ತ ಬಟ್ಟೆ ಸವೆದು ಹಿಡಿತ ಬಂದಂತೆ ಅದೇ ಹೊಡೆತ ಗಿಡ್ಡವಾಗುತ್ತದೆ. ಗಾಳಿಯಲ್ಲಿ ತೇವ ಹೆಚ್ಚಿದರೂ ಹಾಗೆಯೇ, ಜೊತೆಗೆ ವೇಗವೂ ಇಳಿಯುತ್ತದೆ. ಪ್ರತಿ ಸರದಿ, ಅಂದರೆ ಆಟದ ಒಂದೊಂದು ಅವಧಿ, ಶುರುವಾಗುವ ಮುಂಚೆ ನಾನು ಒಂದೇ ಪರೀಕ್ಷೆ ಮಾಡುತ್ತೇನೆ: ಟೇಬಲ್ ಅಂಚಿನ ಮೇಲಿನ ಗುರುತುಗಳಿಗೆ (ಡೈಮಂಡ್) ಸಂಖ್ಯೆ ಕೊಟ್ಟುಕೊಂಡು, ಮೂಲೆಯಿಂದ, ಅಂದರೆ 5ನೇ ಗುರುತಿನಿಂದ, ಎದುರಿನ ಉದ್ದ ಕುಶನ್‌ನ 3ಕ್ಕೆ ಗುರಿಯಿಟ್ಟು ಬಿಳಿಯನ್ನು ಮೂರು ಕುಶನ್ ಸುತ್ತಿಸುವುದು. 5ರಲ್ಲಿ 3 ಕಳೆದರೆ 2. ಮೂರನೇ ಕುಶನ್‌ನಲ್ಲಿ ಅದು 2ರ ಬಳಿ ತಾಗಬೇಕು. ಅರ್ಧ ಡೈಮಂಡ್ ಈಚೆ ಆಚೆ ತಾಗಿದರೆ ಆ ಸರದಿಯ ಎಲ್ಲ ಕಿಕ್ ಹೊಡೆತಗಳಿಗೂ (ಬಿಳಿಯನ್ನು ಮೊದಲು ಕುಶನ್‌ಗೆ ಬಡಿಸಿ ಚೆಂಡಿಗೆ ತಾಗಿಸುವ ಹೊಡೆತ) ಅಷ್ಟೇ ತಿದ್ದುಪಡಿ. ನಾಲ್ಕೈದು ಹೊಡೆತದ ಕೆಲಸ, ದಿನವಿಡೀ ಕಾಯುತ್ತದೆ.

ಚೆಂಡುಗಳನ್ನು ಸರದಿಗೊಮ್ಮೆ ಒರೆಸಲು ಕೇಳಿ. ಚಾಕ್ ಪುಡಿ ಅಂಟಿದ ಜಾಗದಲ್ಲಿ ಎರಡು ಚೆಂಡು ತಾಗಿದರೆ ಒಂದಕ್ಕೊಂದು ಹಿಡಿದುಕೊಂಡು, ಕಟ್ ಹೊಡೆತ (ಚೆಂಡಿನ ಒಂದು ಬದಿಗೆ ತಾಗಿಸಿ ಓರೆಯಾಗಿ ಕಳಿಸುವುದು) ದಪ್ಪಗೆ, ಅಂದರೆ ಬೇಕಾದಷ್ಟು ಓರೆಯಾಗದೆ, ಹೋಗುತ್ತದೆ. ಆಟಗಾರ ತನ್ನ ಕಣ್ಣನ್ನೇ ಅನುಮಾನಿಸಿ ಗುರಿ ಬದಲಿಸಿಕೊಳ್ಳುತ್ತಾನೆ. ಮುಂದಿನ ಹೊಡೆತವೂ ಕೆಡುವುದು ಅಲ್ಲಿಂದ.

ಬ್ರೇಕ್ ಆದ ಮೇಲೆ 1 ಕಾಣದಿದ್ದರೆ ಪುಷ್ ಔಟ್: ಯಾವ ಚೆಂಡಿಗೂ ತಾಗಿಸಲೇಬೇಕೆಂದಿಲ್ಲದೆ ಬಿಳಿಯನ್ನು ಬೇಕಾದ ಕಡೆ ತಳ್ಳುವುದು; ಮುಂದಿನ ಹೊಡೆತ ತಾನು ಆಡುವುದೋ, ತಳ್ಳಿದವರಿಗೇ ಬಿಡುವುದೋ ಎಂಬ ಆಯ್ಕೆ ಎದುರಾಳಿಯದು. ಇಬ್ಬರಿಗೂ ಸಮನಾಗಿರುವ ಜಾಗಕ್ಕೆ ತಳ್ಳುವವರೇ ಹೆಚ್ಚು. ಎದುರಾಳಿಗಿಂತ ನನಗೆ ಚೂರು ಚೆನ್ನಾಗಿ ಬರುವ ಹೊಡೆತ ಉಳಿಯುವಂತೆ ನಾನು ತಳ್ಳುತ್ತೇನೆ: ಅವರು ಜಂಪ್‌ನಲ್ಲಿ (ಬಿಳಿಯನ್ನು ಅಡ್ಡ ಚೆಂಡಿನ ಮೇಲಿಂದ ಹಾರಿಸುವುದರಲ್ಲಿ) ಗಟ್ಟಿಗರಾದರೆ ಅಡ್ಡ ಚೆಂಡಿಗೆ ತೀರ ಹತ್ತಿರ, ಕಿಕ್‌ನಲ್ಲಿ ಗಟ್ಟಿಗರಾದರೆ ಉದ್ದದ ತೆಳು ಕಟ್ ಬಿಟ್ಟು. ಅವರು ಯಾವುದನ್ನು ಆಡಿದರು, ಯಾವುದನ್ನು ನನಗೇ ಬಿಟ್ಟುಕೊಟ್ಟರು ಎಂಬುದನ್ನು ಮೊದಲ ದಿನವೇ ಬರೆದಿಟ್ಟರೆ ಮೂರನೇ ದಿನಕ್ಕೆ ಆಯ್ಕೆ ತಾನಾಗಿ ಕಾಣುತ್ತದೆ.

ಇನ್ನು ಕುರ್ಚಿ. ಎದುರಾಳಿ ಒಂದೇ ಸಮನೆ ಐದು ರ್ಯಾಕ್ ಗೆದ್ದರೆ ಅರ್ಧ ಗಂಟೆ ಕೂರಬೇಕಾಗುತ್ತದೆ, ತೋಳು ತಣ್ಣಗಾಗುತ್ತದೆ. ಎದ್ದು ಹೊಡೆದ ಮೊದಲ ಚೆಂಡು ಬೀಳುತ್ತದೆ, ಬಿಳಿ ಮಾತ್ರ ಬೇಕಾದ ಕಡೆ ಹೋಗದೆ ಅರ್ಧ ಅಡಿ ಹಿಂದೆ ನಿಲ್ಲುತ್ತದೆ. ಅದಕ್ಕೆ ಪ್ರತಿ ರ್ಯಾಕ್ ಮುಗಿದಾಗಲೂ ಎದ್ದು ನಿಂತು ಬೆರಳು, ಮಣಿಕಟ್ಟು, ಭುಜ ಆಡಿಸುತ್ತೇನೆ. ಮೊದಲ ಹೊಡೆತಕ್ಕೆ ಮೂರು ಸಲ ಹೆಚ್ಚಾಗಿ ಕ್ಯೂ ಓಡಿಸಿ, ಬಿಳಿ ಕಡಿಮೆ ದೂರ ಹೋಗಬೇಕಾದ ದಾರಿಯನ್ನೇ ಆರಿಸುತ್ತೇನೆ. ಅಂಕಪಟ್ಟಿ ನೋಡುವುದಿಲ್ಲ, ಎದುರಾಳಿಯ ಬ್ರೇಕ್ ನೋಡುತ್ತೇನೆ. ಅವರು ಬಿಳಿ ಇಡುವ ಜಾಗ ಬದಲಿಸಿದರೆ ಟೇಬಲ್ ಬದಲಾಗಿದೆ ಎಂದು ನನಗೂ ಗೊತ್ತಾಯಿತು, ಬಿಟ್ಟಿಯಾಗಿ.

ಪಂದ್ಯದ ನಡುವೆ ಐದು ಬ್ರೇಕ್‌ಗೊಮ್ಮೆ ಚೀಟಿ ತೆಗೆಯುತ್ತೇನೆ. ಐದರಲ್ಲಿ ಮೂರು ಸಲ ಚೆಂಡು ಬಿದ್ದಿದ್ದರೆ ಏನನ್ನೂ ಮುಟ್ಟುವುದಿಲ್ಲ. ಎರಡಕ್ಕೆ ಇಳಿದರೆ ರ್ಯಾಕನ್ನು ಇನ್ನಷ್ಟು ಹತ್ತಿರದಿಂದ ನೋಡುತ್ತೇನೆ. ಒಂದಕ್ಕೆ ಇಳಿದರೆ ಮುಂದಿನ ಬ್ರೇಕ್‌ನಲ್ಲಿ ಬಿಳಿ ಅರ್ಧ ಚೆಂಡಿನಷ್ಟು ಸರಿಯುತ್ತದೆ.