ಮೊದಲು ಹಣ್ಣು, ಆಮೇಲೆ ತೋಟ: ಮ್ಯಾಸಚೂಸೆಟ್ಸಿನಲ್ಲಿ ಸೇಬು ಕೀಳಲು ಹೋಗುವ ನನ್ನ ಕ್ರಮ

ಬಾಸ್ಟನ್ ನಗರದ ಪಶ್ಚಿಮಕ್ಕಿರುವ ಉಪನಗರದಲ್ಲಿ ನಮ್ಮ ಮನೆ. ಸೆಪ್ಟೆಂಬರ್ ಬಂತೆಂದರೆ, ಹಣ ಕೊಟ್ಟು ನಾವೇ ಹಣ್ಣು ಕೀಳಬಹುದಾದ ಸೇಬಿನ ತೋಟಕ್ಕೆ ಹೋಗುವ ಮಾತು ಏಳುತ್ತದೆ, ಯಾವ ತೋಟಕ್ಕೆ ಎಂಬುದನ್ನು ನಿಶ್ಚಯಿಸುವ ಕೆಲಸ ನನ್ನ ಪಾಲಿಗೆ ಬರುತ್ತದೆ. ಇಲ್ಲಿನ ಹೆಚ್ಚಿನ ಕನ್ನಡ ಕುಟುಂಬಗಳು ತೋಟದ ಹೆಸರು ಕೇಳಿಕೊಂಡು, ಯಾರೋ ಹಾಕಿದ ಫೋಟೋ ನೋಡಿಕೊಂಡು ಹೊರಡುವುದನ್ನು ಕಂಡಿದ್ದೇನೆ. ನಾನು ಹಣ್ಣಿನಿಂದ ಆರಂಭಿಸುತ್ತೇನೆ. ಯಾವ ತಳಿ ಬೇಕು, ಅದು ಯಾವ ವಾರ ಕೈಗೆ ಬರುತ್ತದೆ, ಜೊತೆಗೆ ಯಾರು ಬರುತ್ತಿದ್ದಾರೆ ಎಂಬುದು ತಿಳಿದರೆ ತೋಟದ ಆಯ್ಕೆ ಮುಕ್ಕಾಲು ಪಾಲು ಮುಗಿದಂತೆಯೇ.

ಎಲ್ಲ ಸೇಬೂ ಒಟ್ಟಿಗೆ ಮಾಗುವುದಿಲ್ಲವೆಂಬುದು ಅಂಗಡಿಯಲ್ಲಿ ವರ್ಷವಿಡೀ ಸೇಬು ಕೊಳ್ಳುವವರ ಗಮನಕ್ಕೆ ಬರುವುದು ಕಡಿಮೆ. ನಮ್ಮ ಭಾಗದಲ್ಲಿ ಸೆಪ್ಟೆಂಬರ್ ಮೊದಲ ಪಕ್ಷದಲ್ಲಿ ಮ್ಯಾಕಿಂಟಾಷ್ ಮತ್ತು ಗಾಲಾ ಆರಂಭವಾಗುತ್ತವೆ, ತಿಂಗಳ ನಡುವಿಗೆ ಹನಿಕ್ರಿಸ್ಪ್ ಬರುತ್ತದೆ, ತಿಂಗಳ ಕೊನೆಯಿಂದ ಅಕ್ಟೋಬರ್ ಆರಂಭದವರೆಗೆ ಕೋರ್ಟ್‌ಲ್ಯಾಂಡ್, ಮಕೌನ್, ಎಂಪೈರ್ ತಳಿಗಳ ಸರದಿ, ಫ್ಯೂಜಿಯಂಥ ತಡದ ಹಣ್ಣಿಗೆ ಅಕ್ಟೋಬರ್ ಕೊನೆಯವರೆಗೆ ಕಾಯಬೇಕು. ಮಕ್ಕಳಿಗೆ ಮಿನ್ನೆಸೋಟ ವಿಶ್ವವಿದ್ಯಾಲಯ 1991ರಲ್ಲಿ ಬಿಡುಗಡೆ ಮಾಡಿದ ಹನಿಕ್ರಿಸ್ಪ್ ಇಷ್ಟ. ಆದರೆ ಅದಕ್ಕೆ ಒಂದು ವರ್ಷ ಹೆಚ್ಚು, ಮರುವರ್ಷ ಕಡಿಮೆ ಫಲ ಕೊಡುವ ಸ್ವಭಾವವಿದೆ, ಬೇಡಿಕೆಯೂ ಬಹಳವಾದ್ದರಿಂದ ವಾರಾಂತ್ಯದ ಮಧ್ಯಾಹ್ನಕ್ಕೆ ಕೈಗೆಟುಕುವ ಕೊಂಬೆಗಳು ಬರಿದಾಗಿರುತ್ತವೆ. ನನ್ನ ಮೆಚ್ಚಿನ ಹಣ್ಣು ಮಕೌನ್. ಅದರ ಗಟ್ಟಿತನ ಮತ್ತು ಹುಳಿಸಿಹಿಯ ಹದ ಮರದಿಂದ ಕಿತ್ತ ದಿನವೇ ಚೆನ್ನಾಗಿರುತ್ತದೆ, ದೊಡ್ಡ ಅಂಗಡಿಗಳಲ್ಲಿ ಅದು ಸಿಗುವುದು ಅಪರೂಪ. ತೋಟದವರೆಗೆ ಹೋಗುವುದಕ್ಕೆ ಅದೊಂದೇ ಕಾರಣ ಸಾಕೆಂದು ನನಗೆ ಅನ್ನಿಸುತ್ತದೆ.

ಅಡುಗೆಯ ಲೆಕ್ಕವೂ ಇದೆ. ನ್ಯೂಯಾರ್ಕ್ ರಾಜ್ಯದ ಜಿನೀವಾದ ಕೃಷಿ ಪ್ರಯೋಗ ಕೇಂದ್ರದಲ್ಲಿ 1898ರಲ್ಲಿ ಬೆಳೆಸಿದ ಕೋರ್ಟ್‌ಲ್ಯಾಂಡ್ ತಳಿಯ ತಿರುಳು ಹೆಚ್ಚಿಟ್ಟರೂ ಬೇಗ ಕಂದುವುದಿಲ್ಲ, ಹಾಗಾಗಿ ಕೋಸಂಬರಿಗೆ ನಾನು ಅದನ್ನೇ ಬಳಸುತ್ತೇನೆ. ಮಾವಿನಕಾಯಿ ಸುಲಭವಾಗಿ ಸಿಗದ ಈ ಊರಿನಲ್ಲಿ ಚಿತ್ರಾನ್ನಕ್ಕೂ ಗೊಜ್ಜಿಗೂ ಹುಳಿ ಸೇಬನ್ನು ತುರಿದು ಹಾಕುವ ರೂಢಿ ಕನ್ನಡ ಮನೆಗಳಲ್ಲಿ ಬೆಳೆದಿದೆ, ಇದಕ್ಕೆ ಬಹುತೇಕರು ಅಂಗಡಿಯ ಗ್ರ್ಯಾನಿ ಸ್ಮಿತ್ ತರುತ್ತಾರೆ. ಆ ತಳಿ ಮಾಗಲು ದೀರ್ಘ ಬೇಸಿಗೆ ಬೇಕಾದ್ದರಿಂದ ನಮ್ಮ ಕಡೆಯ ತೋಟಗಳಲ್ಲಿ ಕಡಿಮೆ. ಅದರ ಬದಲು ಅಕ್ಟೋಬರ್ ನಡುವಿನಲ್ಲಿ ಬರುವ ರೋಡ್ ಐಲೆಂಡ್ ಗ್ರೀನಿಂಗ್ ಎಂಬ ಹಳೆಯ ಹಸಿರು ತಳಿ ಎಲ್ಲಿದೆ ಎಂದು ಹುಡುಕುತ್ತೇನೆ. ಅದರ ಹುಳಿ ತೋತಾಪುರಿ ಕಾಯಿಯ ಹುಳಿಯಂತೆ ಒಗ್ಗರಣೆಗೆ ಚೆನ್ನಾಗಿ ಹೊಂದುತ್ತದೆ. ಇಂಥ ಹಳೆಯ ಮರಗಳನ್ನು ಕಡಿಯದೆ ಉಳಿಸಿಕೊಂಡಿರುವ ತೋಟಗಳ ಬಗ್ಗೆ ನನಗೆ ವಿಶೇಷ ಗೌರವವಿದೆ. ನಮ್ಮ ಮ್ಯಾಸಚೂಸೆಟ್ಸಿನಲ್ಲೇ 17ನೆಯ ಶತಮಾನದಲ್ಲಿ ಹುಟ್ಟಿದ ರಾಕ್ಸ್‌ಬರಿ ರಸೆಟ್, ಒರಟು ಕಂದು ಸಿಪ್ಪೆಯ ಆ ಹಣ್ಣು, ಯಾವ ತೋಟದ ಪಟ್ಟಿಯಲ್ಲಿದೆಯೋ ಆ ತೋಟದವರು ಸೇಬನ್ನು ಬಲ್ಲವರೆಂದು ನಾನು ಧೈರ್ಯವಾಗಿ ನಂಬುತ್ತೇನೆ.

ಪಟ್ಟಿಯಲ್ಲಿರುವುದೆಲ್ಲ ಮರದಲ್ಲಿರುತ್ತದೆಂದಲ್ಲ. ಆದ್ದರಿಂದ ಹೊರಡುವ ದಿನ ಬೆಳಿಗ್ಗೆ ತೋಟಕ್ಕೆ ಫೋನ್ ಮಾಡಿ, ಇಂದು ಯಾವ ತಳಿ ಕೀಳಲು ತೆರೆದಿದೆ, ಅದು ನಡೆದು ಹೋಗುವಷ್ಟು ಹತ್ತಿರದಲ್ಲಿದೆಯೇ ಎಂದು ಕೇಳುತ್ತೇನೆ. 2023ರ ಮೇ 17ರ ರಾತ್ರಿಯಿಂದ 18ರ ಬೆಳಗಿನವರೆಗೆ, ಹೂವು ಕಾಯಿಗಟ್ಟುವ ಹೊತ್ತಿಗೆ ಬಂದ ನೀರು ಹೆಪ್ಪುಗಟ್ಟುವಂಥ ಚಳಿ ನಮ್ಮ ರಾಜ್ಯವೂ ಸೇರಿದ ನ್ಯೂ ಇಂಗ್ಲೆಂಡ್ ಪ್ರದೇಶದ ಹಾಗೂ ನ್ಯೂಯಾರ್ಕಿನ ಹಲವು ತೋಟಗಳ ಫಸಲನ್ನು ಕೊಂದಿತು. ಆ ವರ್ಷ ಹಿಂದಿನ ಅನುಭವದ ಮೇಲೆ ತೋಟ ಆರಿಸುವುದಕ್ಕೆ ಅರ್ಥವೇ ಇರಲಿಲ್ಲ. ಇಂಥ ರಾತ್ರಿಗಳಲ್ಲಿ ತಣ್ಣನೆಯ ಗಾಳಿ ಭಾರವಾಗಿ ತಗ್ಗಿಗೆ ಇಳಿದು ನಿಲ್ಲುತ್ತದೆ, ಇಳಿಜಾರಿನ ಮರಗಳು ಎಷ್ಟೋ ಪಾಲು ಬದುಕಿಕೊಳ್ಳುತ್ತವೆ. ಹಿಂದಿನ ರೈತರು ಸೇಬನ್ನು ಗುಡ್ಡದ ಮೈಮೇಲೆ ನೆಟ್ಟಿದ್ದು ಇದೇ ಕಾರಣಕ್ಕೆ.

ಗುಡ್ಡವೆಂದರೆ ಮಂಡಿ ನೋವಿನ ಮಾತು ಬಂದೇ ಬರುತ್ತದೆ. ಊರಿನಿಂದ ಬಂದ ಅಪ್ಪ, ಅಮ್ಮ, ಅತ್ತೆ, ಮಾವ ಇದೇ ಕಾಲದಲ್ಲಿ ನಮ್ಮ ಮನೆಗಳಲ್ಲಿರುವುದು ಹೆಚ್ಚು, ಮರದಲ್ಲಿ ತೂಗುವ ಸೇಬನ್ನು ಮೊದಲ ಬಾರಿಗೆ ತಮ್ಮ ಕೈಯಾರೆ ಕೀಳುವ ಅವರ ಸಂತೋಷ ದೊಡ್ಡದು. ಅವರಿದ್ದಾಗ ನಾನು ನೋಡುವುದು ಮರದ ಎತ್ತರವನ್ನು. ಇಂಗ್ಲೆಂಡಿನ ಈಸ್ಟ್ ಮಾಲಿಂಗ್ ಸಂಶೋಧನಾ ಕೇಂದ್ರದಿಂದ ಬಂದ ಎಂ-9ರಂಥ ಗಿಡ್ಡ ತಳಿಯ ಬೇರಿನ ಮೇಲೆ ಕಸಿ ಕಟ್ಟಿದ ಮರಗಳು ಎಂಟು ಹತ್ತು ಅಡಿಗಿಂತ ಹೆಚ್ಚು ಬೆಳೆಯುವುದಿಲ್ಲ, ತಂತಿಗೆ ಆತುಕೊಂಡು ಸಾಲಾಗಿ ನಿಲ್ಲುತ್ತವೆ. ಹಣ್ಣು ಎದೆಯ ಮಟ್ಟದಲ್ಲೇ ಸಿಗುತ್ತದೆ, ಏಣಿ ಬೇಡ. ಹಳೆಯ ದೊಡ್ಡ ಮರಗಳ ತೋಟಕ್ಕೆ ಸೌಂದರ್ಯ ಹೆಚ್ಚಾದರೂ ಕೆಳಗಿನ ಕೊಂಬೆ ಖಾಲಿಯಾದ ಮೇಲೆ ಹಿರಿಯರಿಗೂ ಮಕ್ಕಳಿಗೂ ಅಲ್ಲಿ ಮಾಡಲು ಏನೂ ಉಳಿಯುವುದಿಲ್ಲ. ಹುಲ್ಲಿನ ಪಿಂಡಿ ಹಾಕಿದ ಟ್ರ್ಯಾಕ್ಟರ್ ಗಾಡಿ ಮೇಲಿನ ಸಾಲುಗಳವರೆಗೆ ಹೋಗುತ್ತದೆಯೇ, ಗಾಡಿ ಹತ್ತಲು ಮೆಟ್ಟಿಲಿದೆಯೇ, ಶೌಚಾಲಯ ಸಾಲುಗಳಿಂದ ಎಷ್ಟು ದೂರ ಎಂಬುದನ್ನೂ ಫೋನಿನಲ್ಲೇ ಕೇಳಿಬಿಡುತ್ತೇನೆ.

ದೂರದ ವಿಚಾರದಲ್ಲಿ ನನ್ನ ಮಿತಿ ಒಂದು ಗಂಟೆಯ ಪ್ರಯಾಣ. ಸ್ಟೋ, ಬೋಲ್ಟನ್, ಹಾರ್ವರ್ಡ್ ಎಂಬ ಊರುಗಳಿರುವ ನಶೋಬಾ ಕಣಿವೆ ಈ ಮಿತಿಯೊಳಗೆ ಆರಾಮವಾಗಿ ಬರುತ್ತದೆ (ಈ ಹಾರ್ವರ್ಡ್ ಊರು, ವಿಶ್ವವಿದ್ಯಾಲಯವಲ್ಲ). ಅಲ್ಲಿ ತೋಟಗಳು ಒಂದಕ್ಕೊಂದು ಹತ್ತಿರವಿರುವುದರಿಂದ ಒಂದರಲ್ಲಿ ಬೇಕಾದ ತಳಿ ಮುಗಿದಿದ್ದರೆ ಇನ್ನೊಂದಕ್ಕೆ ಹೋಗಬಹುದು. ಪಶ್ಚಿಮಕ್ಕೆ ಸಾಗುವ 2ನೆಯ ಹೆದ್ದಾರಿಯಲ್ಲಿ ಇನ್ನೂ ಮುಂದೆ ಹೋದರೆ, ಊರೂರು ತಿರುಗಿ ಸೇಬಿನ ಬೀಜ ಬಿತ್ತಿ ಜಾನಿ ಆ್ಯಪಲ್‌ಸೀಡ್ ಎಂದು ಹೆಸರಾದ ಜಾನ್ ಚಾಪ್ಮನ್ 1774ರಲ್ಲಿ ಹುಟ್ಟಿದ ಲೆಮಿನ್‌ಸ್ಟರ್ ಸಿಗುತ್ತದೆ. ಅಕ್ಟೋಬರಿನ ಎರಡನೆಯ ಸೋಮವಾರದ ರಜೆ ಸೇರಿದ ವಾರಾಂತ್ಯದಲ್ಲಿ ಎಲೆಯ ಬಣ್ಣ ನೋಡುವವರೂ ಸೇಬು ಕೀಳುವವರೂ ಒಂದೇ ರಸ್ತೆಯಲ್ಲಿರುತ್ತಾರೆ. ಆ ಮೂರು ದಿನ ನಾನು ಹೊರಡುವುದೇ ಇಲ್ಲ. ಈಗ ಹಲವು ತೋಟಗಳು ವಾರಾಂತ್ಯಕ್ಕೆ ಹೊತ್ತು ಗೊತ್ತುಮಾಡಿದ ಟಿಕೆಟ್ ಇಟ್ಟಿವೆ, ಒಳಗೆ ಬರುವ ಪ್ರತಿಯೊಬ್ಬರೂ ಚೀಲ ಕೊಳ್ಳಬೇಕೆಂಬ ನಿಯಮ ಕೆಲವೆಡೆ ಇದೆ, ಮನೆಯ ಬುತ್ತಿ ಬಿಚ್ಚಲು ಎಲ್ಲರೂ ಒಪ್ಪುವುದಿಲ್ಲ. ಮೊಸರನ್ನ, ಚಪಾತಿ ಕಟ್ಟಿಕೊಂಡು ಹೋಗುವ ನಮ್ಮಂಥವರು ಕೊನೆಯದನ್ನು ಮೊದಲೇ ವಿಚಾರಿಸುವುದು ಒಳ್ಳೆಯದು.

ತೋಟದ ಅಂಗಡಿಯ ಬಿಸಿ ಸೈಡರ್ (ಸೋಸದ ಸೇಬಿನ ರಸ) ಡೋನಟ್ ಎಲ್ಲರಿಗೂ ಪ್ರಿಯ. ಅದರಲ್ಲಿ ಸಾಮಾನ್ಯವಾಗಿ ಮೊಟ್ಟೆ ಇರುತ್ತದೆ, ಕರಿಯಲು ಯಾವ ಕೊಬ್ಬು ಬಳಸಿದ್ದಾರೆಂಬುದನ್ನೂ ಶುದ್ಧ ಸಸ್ಯಾಹಾರಿಗಳು ಕೇಳಿಯೇ ಕೊಳ್ಳಬೇಕು. ಸೈಡರ್ ವಿಷಯದಲ್ಲಿ ನಾನು ಇನ್ನೂ ಕಟ್ಟುನಿಟ್ಟು. ಪಾಶ್ಚರೀಕರಿಸದ, ಅಂದರೆ ರೋಗಾಣು ಸಾಯುವಂತೆ ಕಾಯಿಸದ ರಸದ ಬಾಟಲಿಯ ಮೇಲೆ ಎಚ್ಚರಿಕೆ ಮುದ್ರಿಸಬೇಕೆಂಬ ನಿಯಮ 1998ರಿಂದ ಇದೆ, ಆ ಮಾತು ಕಂಡರೆ ಚಿಕ್ಕ ಮಕ್ಕಳಿಗೂ ಹಿರಿಯರಿಗೂ ಗರ್ಭಿಣಿಯರಿಗೂ ಅದನ್ನು ಕೊಡುವುದಿಲ್ಲ. ಜಿಂಕೆಗಳು ಓಡಾಡುವ ನೆಲದ ಮೇಲೆ ಬಿದ್ದ ಹಣ್ಣನ್ನು ಮಕ್ಕಳು ಎತ್ತಿ ಕಚ್ಚದಂತೆ ನೋಡಿಕೊಳ್ಳುವುದೂ ರೋಗಾಣುವಿನ ಇದೇ ಭಯಕ್ಕೆ.

ಸಾವಯವ ತೋಟವೇ ಬೇಕೆಂದು ಹಟ ಹಿಡಿಯುವುದನ್ನು ನಾನು ಬಿಟ್ಟಿದ್ದೇನೆ. ಇಲ್ಲಿನ ತೇವದ ಬೇಸಿಗೆಯಲ್ಲಿ ಸೇಬಿಗೆ ಕಜ್ಜಿ ರೋಗ, ಕಾಯಿ ಕೊರೆಯುವ ಕೀಟ ಎರಡೂ ಬಲವಾಗಿರುವುದರಿಂದ ಸಾವಯವ ತೋಟಗಳು ವಿರಳ. ಕೀಟದ ಸಂಖ್ಯೆ ಗಮನಿಸಿ ಅಗತ್ಯವಿದ್ದಾಗ ಮಾತ್ರ ಔಷಧಿ ಹೊಡೆಯುವ ತೋಟವಾದರೆ ನನಗೆ ಸಾಕು. ಕೆಲವು ಹಣ್ಣಿನ ಮೇಲೆ ಕಾಣುವ ಬಿಳಿ ಪುಡಿ ಕೀಟ ತಡೆಯಲು ಸಿಂಪಡಿಸಿದ ಕೇಯೊಲಿನ್ ಜೇಡಿಮಣ್ಣಾಗಿರಬಹುದು, ಉಜ್ಜಿ ತೊಳೆದರೆ ಹೋಗುತ್ತದೆ. ಉಣುಗಿನ ಬಗ್ಗೆ ಮಲೆನಾಡಿನವರಿಗೆ ಹೇಳಬೇಕಾಗಿಲ್ಲ. ಅಲ್ಲಿ ಮಂಗನ ಕಾಯಿಲೆಯಾದರೆ ಇಲ್ಲಿ ಲೈಮ್ ಕಾಯಿಲೆ, ಅಕ್ಟೋಬರಿನಲ್ಲೂ ಉಣುಗು ಹುಲ್ಲಿನಲ್ಲಿರುತ್ತದೆ. ಉದ್ದ ಪ್ಯಾಂಟು, ಕಾಲುಚೀಲ, ಮನೆಗೆ ಬಂದೊಡನೆ ಮೈ ಪರೀಕ್ಷೆ.

ಚೀಲ ಕೊಳ್ಳುವಾಗ ಪೆಕ್ ಎಂದರೆ ಸುಮಾರು ಹತ್ತು ಪೌಂಡ್, ಅಂದರೆ ನಾಲ್ಕೂವರೆ ಕಿಲೋ ಎಂದು ನೆನಪಿಟ್ಟರೆ ಸಾಕು. ನಾಲ್ಕು ಜನರ ಮನೆಗೆ ಅದು ಧಾರಾಳ. ಹಣ್ಣನ್ನು ಅಂಗೈಯಲ್ಲಿ ಹಿಡಿದು ಮೇಲಕ್ಕೆತ್ತಿ ಸ್ವಲ್ಪ ತಿರುಗಿಸಿದರೆ ತೊಟ್ಟಿನೊಂದಿಗೆ ಬರುತ್ತದೆ; ಜಗ್ಗಿದರೆ ಮುಂದಿನ ವರ್ಷ ಹೂ ಬಿಡಬೇಕಾದ ಗಿಡ್ಡ ಕಡ್ಡಿಯೂ ಮುರಿಯುತ್ತದೆ. ಕೆಂಪಿಗೆ ಮರುಳಾಗದೆ, ಕೆಂಪಿನ ನಡುವೆ ಕಾಣುವ ಹಸಿರು ಹಳದಿಗೆ ತಿರುಗಿದೆಯೇ ನೋಡಿ ಕೀಳುತ್ತೇನೆ. ಮನೆಯಲ್ಲಿ ತಳಿಗಳನ್ನು ಬೇರೆ ಮಾಡಿ, ಸೊಪ್ಪು ತರಕಾರಿಯಿಂದ ದೂರವಾಗಿ ಫ್ರಿಜ್ಜಿನಲ್ಲಿಡುತ್ತೇನೆ, ಏಕೆಂದರೆ ಸೇಬು ಬಿಡುವ ಎಥಿಲೀನ್ ಅನಿಲ ಸೊಪ್ಪನ್ನು ಬೇಗ ಹಳದಿಯಾಗಿಸುತ್ತದೆ. ಮ್ಯಾಕಿಂಟಾಷ್ ಕೆಲವೇ ವಾರಗಳಲ್ಲಿ ಹಿಟ್ಟುಹಿಟ್ಟಾಗುವುದರಿಂದ ಅದನ್ನು ಮೊದಲು ತಿಂದು ಮುಗಿಸಿ, ಉಳಿದದ್ದನ್ನು ಕೇಸರಿಬಾತಿಗೆ ಹಾಕುತ್ತೇನೆ. ಫ್ಯೂಜಿ ತಿಂಗಳುಗಟ್ಟಲೆ ಕೆಡದೆ ಉಳಿಯುತ್ತದೆ, ಹಾಗಾಗಿ ದೊಡ್ಡ ಚೀಲ ಕೊಳ್ಳುವುದಿದ್ದರೆ ಅಕ್ಟೋಬರ್ ಕೊನೆಯವರೆಗೆ ಕಾದು ಅದರಲ್ಲೇ ಕೊಳ್ಳುತ್ತೇನೆ.