ಬಸ್ಸಿಗೆ ಬಂದ ಬುತ್ತಿ ವಾರಪೂರ್ತಿ ಉಳಿಸುವುದು ಹೇಗೆ?

ಬೆಳಿಗ್ಗೆ ಕಲಬುರಗಿಯ ಕೇಂದ್ರ ಬಸ್ ನಿಲ್ದಾಣದಲ್ಲಿ ಸ್ವಲ್ಪ ಹೊತ್ತು ನಿಂತು ನೋಡಿ. ಅಫಜಲಪುರ, ಜೇವರ್ಗಿ, ಚಿಂಚೋಳಿ ಕಡೆಯ ಬಸ್ಸು ಬಂದ ಕೂಡಲೇ ನಾಲ್ಕಾರು ಹುಡುಗರು ಡ್ರೈವರ್ ಕಿಟಕಿಗೆ ಓಡುತ್ತಾರೆ. 'ಅಣ್ಣಾ, ನಮ್ ಬುತ್ತಿ ಬಂದದೇನ್ರಿ?' ಎಂಜಿನ್ ಪಕ್ಕದಲ್ಲಿ ದಸ್ತಿ ಬಟ್ಟೆಯಲ್ಲಿ ಕಟ್ಟಿದ ಗಂಟುಗಳ ಸಾಲು ಇರುತ್ತದೆ.

ಊರು ಬಿಟ್ಟು ಓದಲು ಬಂದವರಿಗೆ ಖೋಲಿ ಹೇಗೋ ಸಿಗುತ್ತದೆ, ಊಟದ್ದೇ ಚಿಂತೆ. ಹಾಸ್ಟೆಲ್ ಸೀಟು ಸಿಗದ ಹಿಂದುಳಿದ ವರ್ಗದ ಅರ್ಹ ವಿದ್ಯಾರ್ಥಿಗಳಿಗೆ ರಾಜ್ಯ ಸರ್ಕಾರದ ವಿದ್ಯಾಸಿರಿ ಯೋಜನೆಯಲ್ಲಿ ಊಟ-ವಸತಿಗೆ ತಿಂಗಳಿಗೆ ಇಂತಿಷ್ಟು ಎಂದು ಹಣ ಬರುತ್ತದೆ. ಅದರಲ್ಲಿ ಎರಡು ಹೊತ್ತು ಖಾನಾವಳಿ ಊಟ ಮಾಡಿ ನೋಡಿ, ಗೊತ್ತಾಗುತ್ತೆ. ಹಾಗಾಗಿ ವಾರಕ್ಕೊಮ್ಮೆ ಮನೆಯಿಂದ ಬುತ್ತಿ. ನಾನು ಮೂರು ವರ್ಷ ಇದರಲ್ಲೇ ಓದು ಮುಗಿಸಿದೆ. ನನ್ನ ಬುತ್ತಿ ಹೆಚ್ಚಾಗಿ ಕೆಟ್ಟಿದ್ದು ಖೋಲಿಗೆ ಬಂದ ಮೇಲೆಯೇ.

ಮೊದಲು ಲೆಕ್ಕ ಹಾಕಿ

'ಜಾಸ್ತಿ ಕಳಿಸವ್ವಾ' ಅಂದರೆ ಅವ್ವ ಐವತ್ತು ಮೆತ್ತನೆ ರೊಟ್ಟಿ ಕಟ್ಟುತ್ತಾಳೆ, ಮೂರನೇ ದಿನಕ್ಕೆ ಅರ್ಧ ಬೂಸ್ಟು. ಬೆಳಿಗ್ಗೆ ಎರಡು, ರಾತ್ರಿ ಮೂರು ಅಂದರೆ ವಾರಕ್ಕೆ 35. ಅದರಲ್ಲಿ ಎಂಟು ಮಾತ್ರ ಮೆತ್ತಗಿರಲಿ, ಉಳಿದದ್ದೆಲ್ಲ ಖಡಕ್, ಅಂದರೆ ಒಣಗಿಸಿ ಗರಿಗರಿ ಮಾಡಿದ್ದು. ಮೆತ್ತನೆಯವನ್ನು ಆರಿದ ಮೇಲೆಯೇ ಕಟ್ಟಲು ಹೇಳಿ. ಬಿಸಿ ರೊಟ್ಟಿ ಗಂಟಿನಲ್ಲೇ ಬೆವರುತ್ತದೆ, ಪಕ್ಕದ ಖಡಕ್ ರೊಟ್ಟಿಯೂ ಮೆತ್ತಗಾಗುತ್ತದೆ.

ಪಲ್ಯದ ವಿಷಯದಲ್ಲಿ ಅಷ್ಟು ಆಸೆ ಬೇಡ. ಏಪ್ರಿಲ್-ಮೇನಲ್ಲಿ ಇಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ, ಬದನೆಕಾಯಿ ಪಲ್ಯ ಬಸ್ಸಿಳಿಯುವಾಗಲೇ ವಾಸನೆ. ಹುಳಿ ಇರುವ ಪುಂಡಿ ಪಲ್ಯ ಸ್ವಲ್ಪ ತಡೆಯುತ್ತದೆ. ವಾರವಿಡೀ ಕೈ ಹಿಡಿಯುವುದು ಶೇಂಗಾ ಹಿಂಡಿ, ಅಗಸಿ ಹಿಂಡಿ ಎಂಬ ಚಟ್ನಿಪುಡಿಗಳು. ಎರಡನ್ನೂ ಒಂದೇ ಡಬ್ಬಿಗೆ ತುಂಬಿಸಬೇಡಿ, ಆಮೇಲೆ ಯಾವುದರ ರುಚಿಯೂ ತಿಳಿಯುವುದಿಲ್ಲ.

ಗಂಟಿಗೆ ಗುರುತು ಹಾಕಿಸಿ

ಎಲ್ಲರದ್ದೂ ಅದೇ ಸ್ಟೀಲ್ ಡಬ್ಬಿ, ಅದೇ ಬಿಳಿ ದಸ್ತಿ. ನನ್ನ ಖೋಲಿಯ ಗೆಳೆಯ ಒಮ್ಮೆ ಬೇರೆಯವರ ಗಂಟು ಹೊತ್ತು ತಂದ. ಬಿಚ್ಚಿದರೆ ಕಾರಬ್ಯಾಳಿ, ಮೇಲೊಂದು ಚೀಟಿ: 'ಗುಳಿಗಿ ತಪ್ಪದೇ ತಗೋ.' ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಬುತ್ತಿ ವಾಪಸ್ ನಿಲ್ದಾಣಕ್ಕೆ ಹೋಯಿತು. ಅವತ್ತಿನಿಂದ ನಮ್ಮವ್ವ ಗಂಟಿನ ತುದಿಗೆ ಹಸಿರು ಕುಪ್ಪಸದ ಬಟ್ಟೆ ಹರಿದು ಕಟ್ಟತೊಡಗಿದಳು. ಹೆಸರು, ಫೋನ್ ನಂಬರ್ ಬರೆದ ಚೀಟಿ ಡಬ್ಬಿಗೇ ಅಂಟಿಸಿದರೆ ಇನ್ನೂ ಒಳ್ಳೆಯದು.

ಬಸ್ಸಿಗೆ ಮೊದಲೇ ಹೋಗಿ ನಿಲ್ಲಿ

ಬಸ್ಸು ಊರು ಬಿಟ್ಟಾಗ ಮನೆಯವರು ಅದರ ನಂಬರ್ ಹೇಳಲಿ. ಹತ್ತು ನಿಮಿಷ ಮುಂಚೆಯೇ ನಿಲ್ದಾಣದಲ್ಲಿರಿ. ನಮ್ಮೂರ ಬಸ್ಸು ಕಲಬುರಗಿಯಲ್ಲಿ ನಿಂತು ಬೀದರಿಗೆ ಹೋಗುತ್ತಿತ್ತು. ಪರೀಕ್ಷೆ ಮುಗಿದ ಮರುದಿನ ನಾನು ಮಲಗೇ ಬಿಟ್ಟೆ, ಬುತ್ತಿ ಬೀದರ್ ನೋಡಿಕೊಂಡು ರಾತ್ರಿ ಬಂತು. ತಪ್ಪು ನನ್ನದೇ, ಆದರೂ ಡ್ರೈವರ್ ಅಣ್ಣನ ಮುಂದೆ ಮುಖ ತೋರಿಸಲು ನಾಚಿಕೆ. ಅವರು ಇದನ್ನು ಪ್ರೀತಿಗೆ ಮಾಡುತ್ತಾರೆ, ಕಾಯಿಸಬಾರದು.

ಗುಲಬರ್ಗಾ ವಿಶ್ವವಿದ್ಯಾಲಯದ ಜ್ಞಾನಗಂಗಾ ಆವರಣ ಊರಿಂದ ಸುಮಾರು 10 ಕಿ.ಮೀ. ದೂರ. ಅಲ್ಲಿರುವವರು ಕ್ಲಾಸು ಇಲ್ಲದ ದಿನವೇ ಬುತ್ತಿ ತರಿಸಿಕೊಳ್ಳಿ. ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯದವರ ಪುಣ್ಯ, ಆಳಂದದ ಬಸ್ಸು ಅವರ ಮುಂದಿನಿಂದಲೇ ಹಾದುಹೋಗುತ್ತದೆ.

ಮೊದಲ ಅರ್ಧ ಗಂಟೆ

ಎಲ್ಲ ಇರುವುದು ಇಲ್ಲೇ. ತಂದ ಗಂಟನ್ನು ಮೂಲೆಗಿಟ್ಟು ಕ್ಲಾಸಿಗೆ ಓಡಿದಿರೋ, ಕೆಟ್ಟಿತು. ಬಿಚ್ಚಿದ ಕೂಡಲೇ ಪಲ್ಯ ತೆಗೆದು ಬೇರೆ ಇಡಿ, ಅದು ಅವತ್ತಿನದ್ದು. ಮಂಚದ ಮೇಲೆ ಒಣಗಿದ ಪಂಚೆ ಹಾಸಿ ರೊಟ್ಟಿಗಳನ್ನು ಒಂದೊಂದಾಗಿ ಹರಡಿ, ಫ್ಯಾನ್ ಹಾಕಿ. ಪೇಪರ್ ಮೇಲೆ ಬೇಡ, ಮಸಿ ಹತ್ತುತ್ತದೆ. ಒಂದು ಮಗ್ಗುಲು ಆರಿದ ಮೇಲೆ ತಿರುವಿ ಹಾಕಿ.

ಆರಿತೋ ಇಲ್ಲವೋ ತಿಳಿಯಲು ರೊಟ್ಟಿಯ ನಡುವೆ ಬೆರಳು ಒತ್ತಿ ನೋಡಿ. ಅಂಚು ಬೇಗ ಒಣಗುತ್ತದೆ, ಮೋಸ ಮಾಡುವುದು ನಡುಭಾಗ. ಅಲ್ಲಿ ತಂಪೆನಿಸಿದರೆ ಇನ್ನೂ ನೀರಿನಂಶ ಇದೆ ಎಂದರ್ಥ. ಖಡಕ್ ರೊಟ್ಟಿ ಮುರಿದರೆ ಹಪ್ಪಳದಂತೆ ಟಕ್ ಅನ್ನಬೇಕು. ಬಾಗಿದರೆ ಇನ್ನೊಂದು ತಾಸು ಬಿಡಿ. ಮಳೆಗಾಲದಲ್ಲಿ ಫ್ಯಾನ್ ಗಾಳಿ ಸಾಲದು, ಹಂಚಿನ ಮೇಲೆ ಸಣ್ಣ ಉರಿಯಲ್ಲಿ ಎರಡೂ ಕಡೆ ಬಿಸಿ ಮಾಡಿ ಮತ್ತೆ ಆರಿಸಿ.

ಆಮೇಲೆ ಬಟ್ಟೆ ಹಾಸಿದ ಬುಟ್ಟಿಯಲ್ಲೋ ಬಾಯಿ ಅಗಲದ ಡಬ್ಬಿಯಲ್ಲೋ ಇಡಿ. ಪ್ಲಾಸ್ಟಿಕ್ ಚೀಲ ಬೇಡವೇ ಬೇಡ. ಹಿಂಡಿಗೆ ಒದ್ದೆ ಚಮಚ ತಾಗಿಸುವ ಗೆಳೆಯರು ಪ್ರತಿ ಖೋಲಿಯಲ್ಲೂ ಒಬ್ಬರಿರುತ್ತಾರೆ. ಅವರಿಗೊಂದು ಬೇರೆ ಬಟ್ಟಲು ಕೊಟ್ಟುಬಿಡಿ.

ತಿನ್ನುವ ಕ್ರಮ

ಮೊದಲೆರಡು ದಿನ ಮೆತ್ತನೆ ರೊಟ್ಟಿ. ಮೂರನೇ ದಿನದಿಂದ ಖಡಕ್ ರೊಟ್ಟಿಗೆ ಹಿಂಡಿ, ಮೊಸರು, ಹಸಿ ಉಳ್ಳಾಗಡ್ಡಿ. ವಸಡು ನೋಯುವವರು ರೊಟ್ಟಿಯ ಮೇಲೆ ನೀರು ಚಿಮುಕಿಸಿ ಒದ್ದೆ ಬಟ್ಟೆಯಲ್ಲಿ ಹತ್ತು ನಿಮಿಷ ಸುತ್ತಿಡಿ. ಕೊನೆಯ ದಿನ ಉಳಿದ ಚೂರುಗಳನ್ನು ಬಿಸಿ ತೊಗರಿ ಬ್ಯಾಳಿಯಲ್ಲಿ ಮುರಿದು ಹಾಕಿ. ಕಲಬುರಗಿ ತೊಗರಿಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ. ಕುಕ್ಕರ್ ಇಲ್ಲದ ಖೋಲಿಯಲ್ಲಿ ನೆನೆಹಾಕಿ ಬೇಯಿಸಿದರೂ ಚೆನ್ನಾಗಿ ಕರಗುತ್ತದೆ. ಹಸಿರೋ ಕಪ್ಪೋ ಚುಕ್ಕೆ ಕಂಡ ರೊಟ್ಟಿಯನ್ನು ಮಾತ್ರ ಕೆರೆದು ತಿನ್ನಬೇಡಿ, ಸುಮ್ನೆ ಎಸೆಯಿರಿ.

ಡಬ್ಬಿ ವಾಪಸ್

ಡಬ್ಬಿ ತೊಳೆದು, ಪೂರ್ತಿ ಒಣಗಿಸಿ ಊರಿಗೆ ಹೋಗುವ ಬಸ್ಸಿಗೆ ಕೊಡಿ. ಖಾಲಿ ಡಬ್ಬಿ ಕಳಿಸಬಾರದು ಅನ್ನುತ್ತಾರೆ. ಸೂಪರ್ ಮಾರ್ಕೆಟ್ ಪೇಟೆಯ ಕಡೆ ಹೋದಾಗ ತಂಗಿಗೆ ಒಂದು ಪೆನ್ನೋ, ಅಪ್ಪನ ಮುಗಿದ ಗುಳಿಗೆಯೋ ತಂದು ಒಳಗಿಡಿ. ದಸ್ತಿ ಮಡಚಿ ಹಾಕಲು ಮರೆಯಬೇಡಿ, ಮುಂದಿನ ವಾರದ ಗಂಟಿಗೆ ಅದೇ ಬೇಕು.